ಜಟ್ಟಣ್ಣನ ಹಗ್ಗಕ್ಕೆ ಬೀಗವಿಲ್ಲ

ಮೂವತ್ತಮೂರನೇ ವಯಸ್ಸಿಗೆ ಹೆಸರಿನ ಮುಂದೆ ‘ನಿವೃತ್ತ’ ಎಂದು ಹಾಕಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿದೆ. ಎಡಗಿವಿಯ ತಮಟೆ ಹರಿದಿದೆ, ಇನ್ನು ಕಡಲಿಗೆ ಇಳಿದರೆ ಕಿವಿಯ ಆಸೆ ಬಿಡು ಎಂದು ಡಾಕ್ಟರು ಹೇಳಿದ ದಿನವೇ ನನ್ನ ಲೈಫ್‌ಗಾರ್ಡ್ ಕೆಲಸ ಮುಗಿಯಿತು. ಈಗ ಅದೇ ಬೀಚಿನ ಹಾದಿಯಲ್ಲಿ ಎಳನೀರು ಮಾರುತ್ತೇನೆ. ಹೊನ್ನಾವರದಿಂದ ತೆಂಕಕ್ಕೆ ಬಂದು, ಅಪ್ಸರಕೊಂಡದ ಜಲಪಾತ ನೋಡಿ ಮುಗಿಸಿದವರು ಕಾಲು ನೆನೆಸಲು ಇಳಿಯುವ ಮರಳು ನಮ್ಮದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಎಳನೀರು ಕುಡಿಯುತ್ತ, “ಈಶಣ್ಣ, ಕೆಲ್ಸ ಹೆಂಗೆ?” ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಗಂಟಲು ಒಣಗಿತು, ನನ್ನ ಎಳನೀರನ್ನು ನಾನೇ ಕುಡಿಯುವ ಪರಿಸ್ಥಿತಿ ಬಂತು. ಅದಕ್ಕೇ ಫೋನಿನಲ್ಲಿ ಟೈಪ್ ಮಾಡಿ ಇಡುತ್ತಿದ್ದೇನೆ. ನಡುನಡುವೆ ಗಿರಾಕಿ ಬಂದರೆ ಮಾತು ಎಲ್ಲೋ ಹಾರಬಹುದು, ಸುಧಾರಿಸಿಕೊಳ್ಳಿ.

ಮೊದಲು ಒಂದು ಮಾತು. ಈ ಕೆಲಸದಲ್ಲಿ ಈಜುವುದು ಕಡಿಮೆ, ನೋಡುವುದು ಜಾಸ್ತಿ. ಕೂಗುವವರು ಮುಳುಗುತ್ತಿರುವುದಿಲ್ಲ, ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ನಿಜವಾಗಿ ಮುಳುಗುವವನಿಗೆ ಕೂಗಲು ಉಸಿರೇ ಇರುವುದಿಲ್ಲ. ಸುಮ್ಮನೆ ದಡದ ಕಡೆ ಮುಖ ಮಾಡಿ, ಇಲ್ಲದ ಏಣಿ ಹತ್ತುವವನ ಹಾಗೆ ಕೈ ಆಡಿಸುತ್ತಿರುತ್ತಾನೆ. ಇದನ್ನು ನಾನು ಕಲಿತದ್ದು ಫೋನಿನ ವಿಡಿಯೋಗಳಿಂದ. ಟ್ರೈನಿಂಗ್ ಎಂದು ನಮಗೆ ಕೊಟ್ಟದ್ದು ಒಂದು ಹಳದಿ ಟೀಶರ್ಟು, ಒಂದು ಸೀಟಿ. ಉಳಿದದ್ದೆಲ್ಲ ನಾನೇ ಹುಡುಕಿ ಹುಡುಕಿ ನೋಡಿದ್ದು. ಎದೆ ಒತ್ತುವುದನ್ನು ಉಮಿ ತುಂಬಿದ ಗೋಣಿಚೀಲದ ಮೇಲೆ ಅಭ್ಯಾಸ ಮಾಡುತ್ತಿದ್ದೆ. ನಮ್ಮ ಅಮ್ಮ ಅದನ್ನು ನೋಡಿ, ಚೀಲಕ್ಕೆ ಎಂತ ಆತು ಎಂದು ವಿಚಾರಿಸಿಕೊಂಡು ಹೋಗುತ್ತಿದ್ದಳು.

ಹುಮ್ಮಸ್ಸು ಎಷ್ಟಿತ್ತೆಂದರೆ, ಸೇರಿದ ಮೊದಲ ವಾರವೇ ಒಬ್ಬರನ್ನು ಉಳಿಸಿಬಿಟ್ಟೆ. ಹುಬ್ಬಳ್ಳಿಯ ಕಡೆಯ ನಿವೃತ್ತ ಮಾಸ್ತರರು. ನೀರಿನ ಮೇಲೆ ಅಂಗಾತ, ಕಣ್ಣು ಮುಚ್ಚಿ, ಅಲುಗಾಡದೆ ತೇಲುತ್ತಿದ್ದರು. ನಾನು ಹಾರಿ, ಕುತ್ತಿಗೆಗೆ ಕೈ ಹಾಕಿ, ದರದರ ಎಳೆದು ತಂದು ಮರಳಿಗೆ ಹಾಕಿ, ಎದೆ ಒತ್ತಲು ಕೈ ಎತ್ತಿದರೆ ಅವರು ಕಣ್ಣು ಬಿಟ್ಟು, “ಶವಾಸನ ಮಾಡಾಕೂ ಬಿಡಂಗಿಲ್ಲೇನಪಾ ನಿಮ್ಮೂರಾಗ?” ಎಂದರು. ಆಮೇಲೆ ಅವರು ಎದ್ದು ಹೋಗಿ ಮತ್ತೆ ತೇಲಿದರು. ಈ ಸಲ ನನ್ನ ಕಡೆ ನೋಡಿ ಆಗಾಗ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು, ಇನ್ನೂ ಇದ್ದೇನೆ ಎಂದು.

ಇದನ್ನೆಲ್ಲ ನೋಡಿ ಮರಳಲ್ಲಿ ಬಿದ್ದು ಹೊರಳಾಡಿ ನಕ್ಕವನು ನಮ್ಮ ಹಿರಿಯ ಗಾರ್ಡು ಜಟ್ಟಣ್ಣ. ಅವನ ಬಗ್ಗೆ ಹೇಳದೆ ನನ್ನ ಕೆಲಸದ ಬಗ್ಗೆ ಹೇಳುವುದು ಆಗದ ಮಾತು.

ಜಟ್ಟಣ್ಣ ಮೀನುಗಾರರ ಮನೆಯವನು. ಐವತ್ತು ಹತ್ತಿರ ಬಂದಿದ್ದರೂ ಮೀಸೆ ಮಾತ್ರ ಕಾಡಿಗೆ ಕಪ್ಪು. ಜಾತ್ರೆಯಲ್ಲಿ ಕೊಂಡ ಕಪ್ಪು ಕನ್ನಡಕ ಹಾಕಿಕೊಂಡು ಕಾವಲಿನ ಅಟ್ಟದ ಮೇಲೆ ಕಾಲಮೇಲೆ ಕಾಲು ಹಾಕಿ ಕೂತರೆ, ಬೀಚಿಗೆ ಬಂದ ಹೆಂಗಸರು ಅವನೊಂದಿಗೆ ಫೋಟೋ ತೆಗೆಸಿಕೊಳ್ಳಬೇಕು ಎಂದು ಅವನಿಗೇ ಆಸೆ. ಯಾರೂ ಕೇಳದಿದ್ದರೆ ಫೋಟೋ ತೆಗೆಯುವವರ ಹಿಂದೆ ಹೋಗಿ ನಿಲ್ಲುತ್ತಿದ್ದ. ಕರ್ನಾಟಕದ ಎಷ್ಟು ಮನೆಗಳ ಆಲ್ಬಮ್ಮಿನ ಮೂಲೆಯಲ್ಲಿ ಅವನಿದ್ದಾನೋ ದೇವರೇ ಬಲ್ಲ. ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದು, ಗಾರ್ಡುಗಳೆಲ್ಲ ಕಪ್ಪು ಬೂಟು ಹಾಕಬೇಕು, ಶಿಸ್ತು ಕಾಣಬೇಕು ಎಂದು ಹುಕುಂ ಮಾಡಿದಾಗ ನಾನು ಮರಳಲ್ಲಿ ಬೂಟು ಹೇಗೆ ಸಾರ್ ಎಂದು ವಾದಕ್ಕೆ ಇಳಿದೆ. ಜಟ್ಟಣ್ಣ ವಾದ ಮಾಡಲಿಲ್ಲ. ಮರುದಿನವೇ ಪಾಲಿಶ್ ಮಾಡಿದ ಬೂಟು ತಂದು ಅಟ್ಟದ ಕಂಬಕ್ಕೆ ನೇತುಹಾಕಿದ. ಸಾಹೇಬರು ದೂರದಿಂದ ಕಂಡರೆ ಅದನ್ನು ಕೈಗೆ ಹಾಕಿಕೊಂಡು ಸೆಲ್ಯೂಟ್ ಹೊಡೆಯುತ್ತಿದ್ದ.

ನನ್ನ ವಿಡಿಯೋ ಹುಚ್ಚು ಅವನಿಗೆ ದಿನದ ತಮಾಷೆ. ನಾನು ಆಸ್ಟ್ರೇಲಿಯಾದ ಗಾರ್ಡುಗಳು ಹೀಗೆ ಮಾಡ್ತಾರೆ, ಹಾಗೆ ಮಾಡ್ತಾರೆ ಎಂದರೆ, “ಹೋಯ್ ಈಶ, ಅದು ಇಂಗ್ಲಿಷ್ ಕಡ್ಲು ಮಾರಾಯ. ನಮ್ಮ ಕಡ್ಲಿಗೆ ಕೊಂಕ್ಣಿ ಬಿಟ್ರೆ ಎಂತದೂ ತಿಳೂದಿಲ್ಲ” ಎನ್ನುತ್ತಿದ್ದ. ಎಂದರೂ ಪಕ್ಕಕ್ಕೆ ಬಂದು ಕೂತು, ಕನ್ನಡಕ ಮೇಲಕ್ಕೆತ್ತಿ, ಪೂರ್ತಿ ನೋಡುತ್ತಿದ್ದ.

ಹಾಗೆ ನೋಡುತ್ತಿದ್ದಾಗ ಒಂದು ವಿಡಿಯೋದಲ್ಲಿ ಹಗ್ಗ ಬಂತು. ಗಾರ್ಡು ಸೊಂಟಕ್ಕೆ ಉದ್ದ ಹಗ್ಗ ಕಟ್ಟಿಕೊಂಡು, ತೇಲುವ ಟ್ಯೂಬು ಹಿಡಿದು ಈಜಿ ಹೋಗುತ್ತಾನೆ, ಮುಳುಗುವವನನ್ನು ಹಿಡಿದು ಕೈ ಎತ್ತುತ್ತಾನೆ, ದಡದವರು ಇಬ್ಬರನ್ನೂ ಎಳೆದುಕೊಳ್ಳುತ್ತಾರೆ. ಜಟ್ಟಣ್ಣ ಫೋನು ಕಿತ್ತುಕೊಂಡು ಮತ್ತೆ ಮತ್ತೆ ನೋಡಿದ. “ಇದು ನಮ್ಮ ರಂಪಣಿಯೇ ಅಲ್ವನಾ” ಎಂದ. “ಮೀನಿನ ಬದ್ಲು ಮನ್ಷ, ಅಷ್ಟೇ.”

ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ರಂಪಣಿ ಎಂದರೆ ದೊಡ್ಡ ಬಲೆ. ದೋಣಿಯವರು ಕಡಲಲ್ಲಿ ಅರ್ಧ ಸುತ್ತು ಹಾಕಿ ಬಲೆ ಬಿಡುತ್ತಾರೆ, ಅದರ ಎರಡು ಹಗ್ಗ ದಡಕ್ಕೆ ಬರುತ್ತವೆ, ಕೇರಿಗೆ ಕೇರಿಯೇ ನಿಂತು ಎಳೆಯುತ್ತದೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಯಾವ ಊರು, ಯಾರ ಮಗ ಎಂದು ಕೇಳುವ ಕ್ರಮ ಇಲ್ಲ. ಬಸ್ಸು ತಪ್ಪಿಸಿಕೊಂಡು ಬಂದು ಎಳೆದವನಿಗೂ ನಾಲ್ಕು ಬಂಗಡೆ. ಈಗ ಮೋಟಾರು ಬೋಟುಗಳು ಬಂದು ರಂಪಣಿ ಕಮ್ಮಿಯಾಗಿದೆ, ಆದರೆ ನಮ್ಮ ಕೇರಿಯವರ ಕೈಗೆ ಆ ಎಳೆತ ಇನ್ನೂ ಮರೆತಿಲ್ಲ.

ಹಾಗೆ ಶುರುವಾಯಿತು ನಮ್ಮ ಹೊಸ ಪದ್ಧತಿ. ಮೊದಲು ಸೀಟಿ, ಆಮೇಲೆ ಟ್ಯೂಬು, ಹಗ್ಗ ಕಟ್ಟದೆ ಯಾರೂ ನೀರಿಗೆ ಇಳಿಯಬಾರದು. ಜಟ್ಟಣ್ಣ ಯಾವಾಗಲೂ ಹಗ್ಗದ ಕಡಲಿನ ತುದಿ, ನಾನು ದಡದ ತುದಿ. ನನ್ನ ಕೆಲಸ ಹಗ್ಗ ಬಿಡುವುದು, ಜನ ಸೇರಿಸುವುದು. ಹಗ್ಗ ಕಂಡರೆ ಜನ ಸುಮ್ಮನೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಮದುವೆಯಾಗಿ ವಾರವೂ ಆಗದ ಹಾವೇರಿಯ ಮದುಮಗನೊಬ್ಬ ಸೆಳೆತಕ್ಕೆ ಸಿಕ್ಕಿದಾಗ ಹಗ್ಗದ ಮುಂದುಗಡೆ ನಿಂತವಳು ಅವನ ಹೆಂಡತಿ. ಹಸಿರು ಬಳೆಗಳು ಒಂದೊಂದೇ ಒಡೆಯುತ್ತಿದ್ದರೂ ಹಗ್ಗ ಬಿಡಲಿಲ್ಲ. ಗಂಡ ದಡಕ್ಕೆ ಬಂದು ಕೆಮ್ಮಿ ನೀರು ಕಾರಿ ಎದ್ದು ಕೂತ ಮೇಲೆ ಎಲ್ಲರೆದುರು ಒಂದು ಕೊಟ್ಟಳು, ಆಮೇಲೆ ಅಪ್ಪಿಕೊಂಡು ಅತ್ತಳು. ಅವಳ ಹೊಡೆತವೇ ನಮ್ಮ ಪ್ರಥಮ ಚಿಕಿತ್ಸೆ ಎಂದು ಜಟ್ಟಣ್ಣ ಒಂದು ತಿಂಗಳು ಹೇಳಿಕೊಂಡು ತಿರುಗಿದ.

ಈಗ ಆ ದಿನಕ್ಕೆ ಬರಬೇಕು. ಉದ್ದ ಮಾಡುವುದಿಲ್ಲ.

ಮಳೆಗಾಲ ಹಿಡಿಯುವ ಹೊತ್ತು. ಬೀಚ್ ಬಂದ್ ಎಂದು ಬೋರ್ಡು ಹಾಕಿಯಾಗಿತ್ತು. ಹಗ್ಗವನ್ನು ಅದಕ್ಕಿಂತ ಮೊದಲು ಎರಡು ಸಲ ಯಾರೋ ಕದ್ದು ದನ ಕಟ್ಟಲು ಒಯ್ದಿದ್ದರಿಂದ, ಬೀಚಿನ ಸಮಿತಿಯವರು ಅದನ್ನು ಶೆಡ್ಡಿನಲ್ಲಿಟ್ಟು ಬೀಗ ಹಾಕಿಸಿದ್ದರು. ಕೀಲಿಯವನು ಅಂದು ಕುಮಟಾಕ್ಕೆ ಮದುವೆಗೆ ಹೋಗಿದ್ದ. ಇಬ್ಬರು ಕಾಲೇಜು ಹುಡುಗರು ಬೋರ್ಡು ದಾಟಿ ನೀರಿಗೆ ಇಳಿದು ಸೆಳೆತಕ್ಕೆ ಸಿಕ್ಕಿದರು. ಜಟ್ಟಣ್ಣ ಟ್ಯೂಬು ಎತ್ತಿಕೊಂಡು ಓಡಿದ. ಓಡುತ್ತಲೇ ನನಗೆ ಕೂಗಿ ಹೇಳಿದ, “ನೀ ಹಗ್ಗ ತಕಂಡ್ ಬಾ. ನಾ ಆ ತುದೀಲಿ ಇರ್ತೆ.”

ನಾನು ಕಲ್ಲು ತೆಗೆದುಕೊಂಡು ಬೀಗ ಹಾಕಿದ ಚಿಲಕ ಒಡೆಯುತ್ತಿದ್ದೆ. ಅವನು ಇಬ್ಬರನ್ನೂ ಟ್ಯೂಬಿಗೆ ಹತ್ತಿಸಿ ಅಲೆಗೆ ತಳ್ಳಿದ. ಹುಡುಗರು ದಡಕ್ಕೆ ಬಂದರು. ಹಗ್ಗ ಹೊರಗೆ ಬಂತು. ಅದರ ಆ ತುದಿ ಹಿಡಿಯಲು ಜಟ್ಟಣ್ಣ ಇರಲಿಲ್ಲ.

ವಾರದೊಳಗೆ ಹೆದ್ದಾರಿಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು. ‘ವೀರ ಜಟ್ಟಣ್ಣ ಅಮರ.’ ಹಿಂದೆ ಉದಯಿಸುವ ಸೂರ್ಯ, ಪಕ್ಕದಲ್ಲಿ ಹುಲಿ. ಕಪ್ಪು ಕನ್ನಡಕ ಅಳಿಸಿ, ಯಾರದೋ ಯೂನಿಫಾರಂ ಅವನ ಕುತ್ತಿಗೆಗೆ ಜೋಡಿಸಿದ್ದರು. ನನಗೂ ಮೊದಲು ಎದೆಯುಬ್ಬಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದರ ಕೆಳಗೆ ನಿಂತು ಸೆಲ್ಫಿ ತೆಗೆಯುವ ಹುಡುಗರು ನಮ್ಮಲ್ಲಿ ಕೆಲಸಕ್ಕೆ ಅರ್ಜಿ ಹಾಕತೊಡಗಿದರು. ಒಬ್ಬನೂ ಸೆಳೆತ ಎಲ್ಲಿ ಎಂದು ಕೇಳಲಿಲ್ಲ. ಜಟ್ಟಣ್ಣ ಯಾವ ಜಾಗದಿಂದ ಹಾರಿದ ಎಂದು ಕೇಳುತ್ತಿದ್ದರು.

ಸಮಿತಿಯ ಅಧ್ಯಕ್ಷರು ನಾಯ್ಕರು, ಗೇರುಬೀಜದ ವ್ಯಾಪಾರದವರು, ಒಳ್ಳೆಯ ಮನುಷ್ಯ. ಬೀಚಿನ ಬಾಯಲ್ಲೇ ಜಟ್ಟಣ್ಣನ ಮೂರ್ತಿ ಕೂಡಿಸೋಣ, ಅಡಿಯಲ್ಲಿ ‘ವೀರ’ ಎಂದು ಕಲ್ಲಿನಲ್ಲಿ ಕೆತ್ತಿಸೋಣ ಎಂದು ಸಭೆ ಕರೆದರು. ಮೀನು ಒಣಗಿಸುವ ಚಪ್ಪರದಡಿ ಸಭೆ. ಜಟ್ಟಣ್ಣನ ಹೆಂಡತಿ ಮಾದೇವಕ್ಕ ಮೀನಿನ ಬುಟ್ಟಿ ಇಳಿಸಿ ಬಂದಳು, ಕಾಲೇಜಿನಿಂದ ಮಗಳು ಶಾಲಿನಿ ಬಂದಳು. ನಾಯ್ಕರು ಎಲ್ಲ ಹೇಳಿ ಮುಗಿಸಿದ ಮೇಲೆ ಮಾದೇವಕ್ಕ ‘ಬೇಡ’ ಎಂದಳು. ಅಷ್ಟೇ.

ಶಾಲಿನಿಗೆ ಸಿಟ್ಟು ಬಂತು. “ಅಪ್ಪಂಗೆ ಹೀರೋ ಅನ್ಸ್ಕಳ್ಳೂದು ಎಷ್ಟ್ ಇಷ್ಟ ಇತ್ತು ಅಂತ ನಿಂಗೆ ಗೊತ್ತಿಲ್ವಾ ಅಮ್ಮ?”

“ಗೊತ್ತಿಲ್ದೆ ಎಂತ. ಕನ್ನಡಿ ಮುಂದೆ ಮೀಸಿಗೆ ಬಣ್ಣ ಹಚ್ಚೂದು ದಿನಾ ನೋಡಿದ್ದು ನಾನೇ ಅಲ್ವಾ” ಎಂದಳು ಮಾದೇವಕ್ಕ. “ಹೀರೋ ಅನ್ನೂದಾರೆ ಆ ಮೀಸಿಗೆ ಅನ್ನಿ. ಬದ್ಕಿದ್ದಾಗ ಒಬ್ರೂ ಅನ್ಲಿಲ್ಲ. ಸತ್ತದ್ಕೆ ಅನ್ಬೇಡಿ. ನಾಳೆ ಬರೂ ಹುಡ್ಗ್ರು ಅದನ್ನೇ ಕಲೀತ್ರು.”

ಚಪ್ಪರದಲ್ಲಿ ನಕ್ಕವರೂ ಇದ್ದರು, ಕಣ್ಣು ಒರೆಸಿಕೊಂಡವರೂ ಇದ್ದರು, ಎರಡೂ ಒಟ್ಟಿಗೆ ಮಾಡಿದವನು ನಾನು. ಮಾದೇವಕ್ಕ ನಾಯ್ಕರ ಕಡೆ ತಿರುಗಿ ಮತ್ತೊಂದು ಕೇಳಿದಳು. “ಮೂರ್ತಿ ಎಲ್ಲಾದ್ರೂ ಕೂಡ್ಸಿ ನಾಯ್ಕರೆ. ಹಗ್ಗ ಎಲ್ಲಿ ಇಡ್ತ್ರಿ, ಅದ್ ಮೊದ್ಲು ಹೇಳಿ.”

ಇದೇ ನೋಡಿ, ನಾನು ಇಷ್ಟು ಹೊತ್ತು ಟೈಪ್ ಮಾಡಿ ಹೇಳಬೇಕೆಂದಿದ್ದ ಮಾತು. ಜಟ್ಟಣ್ಣನ ಧೈರ್ಯ ಸಣ್ಣದಲ್ಲ. ಎರಡು ಮನೆಯ ದೀಪ ಅವನಿಂದ ಉರಿಯುತ್ತಿದೆ. ಆದರೆ ‘ವೀರ’ ಎಂದು ಕಲ್ಲಿನಲ್ಲಿ ಬರೆದ ಕ್ಷಣ ಎಲ್ಲರೂ ಕೈಮುಗಿದು ಮನೆಗೆ ಹೋಗುತ್ತಾರೆ. ಹಗ್ಗ ಯಾಕೆ ಶೆಡ್ಡಿನಲ್ಲಿತ್ತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಬೀಚಿಗೆ ಮೂರ್ತಿ ಬರುತ್ತದೆ, ಹಗ್ಗಕ್ಕೆ ಬೀಗ ಇರುತ್ತದೆ, ಮತ್ತೊಬ್ಬ ವೀರನಿಗೆ ಜಾಗ ತಯಾರಾಗಿರುತ್ತದೆ.

ನಾಯ್ಕರು ಕೋಪ ಮಾಡಿಕೊಳ್ಳಲಿಲ್ಲ. ಬೀಗ ಹಾಕಿಸಿದ್ದು ತಾನೇ ಎಂದು ತಲೆ ತಗ್ಗಿಸಿದರು. ಆದರೆ ಹೊರಗಿಟ್ಟರೆ ಮತ್ತೆ ಕದಿಯುತ್ತಾರೆ, ಕದ್ದ ಹಗ್ಗವೂ ಒಂದೇ, ಬೀಗದ ಹಗ್ಗವೂ ಒಂದೇ ಅಲ್ಲವೇ ಎಂದು ಕೇಳಿದರು. ಅದೂ ಸರಿಯೇ. ಆಗ ಇನ್ನೂ ಸಿಟ್ಟಿನಲ್ಲೇ ಇದ್ದ ಶಾಲಿನಿ ಕೇಳಿದಳು, “ರಂಪಣಿ ಹಗ್ಗ ಮಳೆ ಬಿಸ್ಲು ಎನ್ನದೆ ದೋಣೀಲೇ ಬಿದ್ದಿರ್ತಿತ್ತು. ಅದಕ್ಕೆ ಯಾರಾದ್ರೂ ಬೀಗ ಹಾಕಿದ್ರಾ?”

ಯಾರೂ ಹಾಕಿರಲಿಲ್ಲ. ಯಾಕೆಂದರೆ ನಮ್ಮ ಕೇರಿಯಲ್ಲಿ ಹೊಸ ರಂಪಣಿ ಹಗ್ಗ ತಂದರೆ, ನೀರಿಗೆ ಇಳಿಸುವ ಮೊದಲು ಕಾಯಿ ಒಡೆದು ಪ್ರತಿ ಮನೆಯವರೂ ಅದನ್ನು ಒಮ್ಮೆ ಮುಟ್ಟುವುದು ಪದ್ಧತಿ. ಮುಟ್ಟಿದ ಮೇಲೆ ಅದರಲ್ಲಿ ನಿಮ್ಮ ಪಾಲಿದೆ. ತನ್ನ ಪಾಲನ್ನು ತಾನೇ ಯಾರು ಕದಿಯುತ್ತಾರೆ?

ಹಗ್ಗ ಮುಟ್ಟಿಸಿದ ಆ ಬೆಳಿಗ್ಗೆ ನನ್ನ ಕೆಲಸದ ಅತ್ಯಂತ ಖುಷಿಯ ಬೆಳಿಗ್ಗೆ. ಮೂರ್ತಿಯ ಮಾತು ಆಮೇಲೆ ನೋಡೋಣ ಎಂದಾಯಿತು, ನಾಯ್ಕರು ಹೊಸ ಹಗ್ಗ ತರಿಸಿದರು, ದೋಣಿಯ ಹಲಗೆಯಿಂದ ಉದ್ದನೆಯ ಪೆಟ್ಟಿಗೆ ಮಾಡಿಸಿದರು. ಮೀನುಗಾರರ ಮನೆಯವರು ಮುಟ್ಟಿದರು, ಚುರುಮುರಿ ಗಾಡಿಯವನು, ಐಸ್‌ಕ್ಯಾಂಡಿಯವನು, ಒಂಟೆ ಸವಾರಿಯವನು ಮುಟ್ಟಿದರು, ಅವನು ಒಂಟೆಯನ್ನೂ ಕರೆದು ಮೂತಿಯಿಂದ ಮುಟ್ಟಿಸಿದ. ಯಾಣ ನೋಡಿಕೊಂಡು ಬಂದ ಒಂದು ಬಸ್ಸಿನ ಜನ ಇದು ಯಾವ ದೇವರು ಎಂದು ವಿಚಾರಿಸಿ, ಗೊತ್ತಾದ ಮೇಲೂ ಸಾಲಿನಲ್ಲಿ ನಿಂತು ಮುಟ್ಟಿ ಹಣೆಗೆ ಒತ್ತಿಕೊಂಡರು. ಹಿಂದೆ ಹಗ್ಗ ಕದ್ದು ದನ ಕಟ್ಟಿದ್ದವನೂ ಬಂದು ಮುಟ್ಟಿದ. ಅವನು ಯಾರೆಂದು ಇಡೀ ಕೇರಿಗೆ ಗೊತ್ತಿತ್ತು, ಯಾರೂ ಏನೂ ಅನ್ನಲಿಲ್ಲ, ಕಾಯಿಯ ಚೂರು ಮಾತ್ರ ಅವನಿಗೆ ಸ್ವಲ್ಪ ದೊಡ್ಡದು ಕೊಟ್ಟರು. ಬೀಗವನ್ನು ನಾಯ್ಕರು ದಂಡವಾಗುವುದು ಬೇಡ ಎಂದು ತಮ್ಮ ಗೋದಾಮಿಗೆ ಒಯ್ದರು.

ಪೆಟ್ಟಿಗೆಯ ಮುಚ್ಚಳಕ್ಕೆ ಶಾಲಿನಿ ಬಣ್ಣ ಬಳಿದಳು. ‘ವೀರ’ ಎಂದು ಬರೆಯಲಿಲ್ಲ. ‘ಜಟ್ಟಣ್ಣನ ಹಗ್ಗ’ ಎಂದು ಬರೆದು, ಅದರ ಮೇಲೆ ಒಂದು ಕಪ್ಪು ಕನ್ನಡಕ, ಕೆಳಗೆ ಒಂದು ದಪ್ಪ ಮೀಸೆ ಬರೆದಳು. ಮಾದೇವಕ್ಕ ಸೊಂಟಕ್ಕೆ ಕೈ ಕೊಟ್ಟು ನೋಡಿ, ಮೀಸೆ ಬಲಗಡೆಗೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಬೇಕು ಎಂದಳು.

ಇನ್ನು ನನ್ನ ಕಿವಿಯ ಕಥೆ.

ಫ್ಲೆಕ್ಸ್ ನೋಡಿ ಸೇರಿದವರಲ್ಲಿ ಕಿರಣ ಎಂಬವನಿದ್ದ. ಈಜಿನಲ್ಲಿ ಮೀನು, ತಾಳ್ಮೆಯಲ್ಲಿ ಸೀಗಡಿ. ಒಂದು ರಜಾದಿನ ಭಟ್ಕಳದಿಂದ ದೊಡ್ಡ ಕುಟುಂಬ ಬಂದಿತ್ತು. ಅವರಲ್ಲಿ ಬಟ್ಟೆ ಅಂಗಡಿಯ ಜುಬೇರ್ ಭಾಯ್ ಮಕ್ಕಳ ಚೆಂಡು ಹಿಡಿಯಲು ಹೋಗಿ ಸೆಳೆತಕ್ಕೆ ಸಿಕ್ಕಿದರು. ನಾನು ಸೀಟಿ ಊದಿ ಪೆಟ್ಟಿಗೆ ತೆರೆಯುವುದರೊಳಗೆ ಕಿರಣ ಟೀಶರ್ಟು ಕಿತ್ತೆಸೆದು ಬರಿಗೈಯಲ್ಲಿ ಹಾರಿಯಾಗಿತ್ತು. ಹಿಂದಿನಿಂದ ಅವನ ಗೆಳೆಯ ವಿಡಿಯೋ ಮಾಡುತ್ತಿದ್ದ. ಜುಬೇರ್ ಭಾಯ್ ತೂಕದ ಆಳು. ಮುಳುಗುವವನು ಸಿಕ್ಕಿದ್ದನ್ನು ಬಿಡುವುದಿಲ್ಲ. ಕಿರಣನ ಕುತ್ತಿಗೆ ಸಿಕ್ಕಿತು. ಈಗ ಇಬ್ಬರು ಮುಳುಗುತ್ತಿದ್ದರು.

ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಅಷ್ಟು ವರ್ಷ ದಡದ ತುದಿ ಹಿಡಿದವನು ಅಂದು ಮೊದಲ ಸಲ ಕಡಲಿನ ತುದಿಗೆ ಹೋದೆ. ಹೋಗುವಾಗ ಹೆದರಿಕೆ ಆಯಿತು, ಹೌದು. ಅಲೆಯೊಂದು ಕಪಾಳಕ್ಕೆ ಬಡಿದು ಕಿವಿಯೊಳಗೆ ಗೋಣಿ ಹರಿದ ಹಾಗಾಯಿತು. ಟ್ಯೂಬು ಇಬ್ಬರ ನಡುವೆ ತುರುಕಿ, ನಾನೂ ಅದಕ್ಕೆ ಜೋತುಬಿದ್ದು ಕೈ ಎತ್ತಿದೆ. ಎತ್ತಿ ತಿರುಗಿ ನೋಡಿದರೆ ದಡದಲ್ಲಿ ಹಗ್ಗ ಕಾಣಿಸುತ್ತಿಲ್ಲ, ಅಷ್ಟು ಜನ. ಬುರ್ಖಾದವರು, ಪಂಚೆಯವರು, ಚಡ್ಡಿಯವರು, ಐಸ್‌ಕ್ಯಾಂಡಿಯವನು, ಎಲ್ಲರ ಮುಂದೆ ಸೀರೆ ಎತ್ತಿ ಕಟ್ಟಿದ ಮಾದೇವಕ್ಕ ರಂಪಣಿಯ ಎಳೆತ ಹೇಳಿಕೊಡುತ್ತಿದ್ದಾಳೆ. ಗೆಳೆಯನೂ ಫೋನು ಜೇಬಿಗೆ ಹಾಕಿ ಎಳೆಯುತ್ತಿದ್ದ. ಹಾಗಾಗಿ ನಮ್ಮ ಸಾಹಸದ ವಿಡಿಯೋ ಇಲ್ಲ, ಮೂವರೂ ಇದ್ದೇವೆ.

ಮರಳ ಮೇಲೆ ಉಸಿರು ಬಂದ ಮೇಲೆ ಕಿರಣ ಕೇಳಿದ ಮೊದಲ ಮಾತು, “ನಂಗೆ ಬೈಯ್ಯೂದಿಲ್ವಾ ಈಶಣ್ಣ?” ನಾನು ಬೈದೆನಂತೆ, ಚೆನ್ನಾಗಿಯೇ ಬೈದೆನಂತೆ. ಕಿವಿ ಕೇಳದ್ದರಿಂದ ಬೀಚಿಗೆಲ್ಲ ಕೇಳುವ ಹಾಗೆ ಬೈದದ್ದು ನನಗೇ ಗೊತ್ತಾಗಲಿಲ್ಲ. ಈಗ ಆ ಕಿರಣನೇ ಹಿರಿಯ ಗಾರ್ಡು. ಹೊಸಬರು ಹಗ್ಗ ಕಟ್ಟದೆ ಪಾದ ನೆನೆಸಿದರೂ ಅವನ ಸೀಟಿ ಕೂಗುತ್ತದೆ.

ಮುಂದಿನ ಭಾನುವಾರ ಭಟ್ಕಳದಿಂದ ಒಂದು ವ್ಯಾನು ಬಂತು. ವ್ಯಾನಿನಿಂದ ಮೊದಲು ಇಳಿದದ್ದು ಎರಡಾಳು ಹೊರುವ ಬಿರಿಯಾನಿಯ ಹಂಡೆ, ಆಮೇಲೆ ಜುಬೇರ್ ಭಾಯ್, ಆಮೇಲೆ ಅವರ ತಾಯಿ. ಮುದುಕಮ್ಮನಿಗೆ ನವಾಯತಿ ಬಿಟ್ಟು ಬೇರೆ ಮಾತು ಸರಿ ಬಾರದು. ಅವರ ನವಾಯತಿಗೂ ನಮ್ಮ ಕೊಂಕಣಿಗೂ ನೆಂಟಸ್ತನ ಇರುವುದರಿಂದ ಮಾದೇವಕ್ಕನೊಂದಿಗೆ ಮಾತು ಕೂಡಿತು. ಮಗನನ್ನು ಉಳಿಸಿದವನು ಯಾರು, ಮೊದಲ ತಟ್ಟೆ ತನ್ನ ಕೈಯಾರೆ ಅವನಿಗೆ ಕೊಡಬೇಕು ಎಂದು ಕೇಳಿದರು. ಜುಬೇರ್ ಭಾಯ್ ನನ್ನನ್ನು ಮುಂದೆ ತಳ್ಳಿದರು. ನಾನು ಕಿರಣನನ್ನು ತಳ್ಳಿದೆ. ಕಿರಣ ನಾಚಿ ಐಸ್‌ಕ್ಯಾಂಡಿಯವನನ್ನು ತಳ್ಳಿದ. ಮಾದೇವಕ್ಕ ನಮ್ಮನ್ನೆಲ್ಲ ಬದಿಗೆ ಸರಿಸಿ, ನಮ್ಮಲ್ಲಿ ಹಗ್ಗ ಹಿಡಿದವರಿಗೆಲ್ಲ ಪಾಲು ಎಂದು ತೀರ್ಪು ಕೊಟ್ಟಳು.

ಅಷ್ಟು ಹೇಳಿದ್ದೇ ತಡ. ಅಂದು ಎಳೆದವರೂ ಬಂದರು, ಅಂದು ಊರಲ್ಲೇ ಇಲ್ಲದವರೂ ಅಂಗೈಯಲ್ಲಿ ಹಗ್ಗದ ಗುರುತು ಹುಡುಕುತ್ತ ಬಂದರು. ನಾಯ್ಕರು ತಾನು ಹಗ್ಗದ ಕೊನೆ ಹಿಡಿದಿದ್ದೆ ಎಂದು ಎರಡು ಸಲ ಹೇಳಿದರು. ಯಾರನ್ನೂ ವಾಪಸು ಕಳಿಸಲಿಲ್ಲ. ಭಟ್ಕಳದ ಹಂಡೆ ಅಷ್ಟು ಬೇಗ ಸೋಲುವುದಿಲ್ಲ.

ರಂಪಣಿಯಲ್ಲಿ ಹಗ್ಗದವನು ಯಾರಾದರೂ ತೀರಿಕೊಂಡರೆ ಆ ವರ್ಷ ಅವನ ಪಾಲನ್ನೂ ತೆಗೆದಿಡುತ್ತಾರೆ. ಹಾಗಾಗಿ ಒಂದು ತಟ್ಟೆ ಪೆಟ್ಟಿಗೆಯ ಮುಚ್ಚಳದ ಮೇಲೆ, ಕನ್ನಡಕಕ್ಕೂ ಮೀಸೆಗೂ ನಡುವೆ ಕೂತಿತು. ಸ್ವಲ್ಪ ಹೊತ್ತಿಗೆ ಶಾಲಿನಿ, ಅಪ್ಪ ಇಷ್ಟು ಹೊತ್ತು ಕಾಯುತ್ತಿರಲಿಲ್ಲ ಎಂದು ಅದರೊಳಗಿನ ದೊಡ್ಡ ತುಂಡು ಎತ್ತಿ ಬಾಯಿಗಿಟ್ಟು ನಕ್ಕಳು.

ಮುದುಕಮ್ಮ ಆ ಚಿತ್ರವನ್ನೇ ನೋಡುತ್ತಿದ್ದರು. ಈ ಮೀಸೆಯವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆದೆ, ನನಗೆ ಬಂದದ್ದು ಅದೇ ಫ್ಲೆಕ್ಸಿನ ಶಬ್ದ. ಮಾದೇವಕ್ಕ ನನಗಿಂತ ಮೊದಲು ಹೇಳಿದಳು. ಕೊಂಕಣಿಯಲ್ಲಿ ಹೇಳಿದ್ದು, ಕನ್ನಡದಲ್ಲಿ ಇಷ್ಟು:

“ಹಗ್ಗದ ಆ ತುದಿ ಅವ್ರದ್ದು. ಈ ತುದಿ ನಮ್ದು.”

ಮುದುಕಮ್ಮ ಮುಚ್ಚಳದ ಮೇಲಿದ್ದ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪೆಟ್ಟಿಗೆಯ ಮುಚ್ಚಳ ಎತ್ತಿ ಹಗ್ಗ ಮುಟ್ಟಿದರು.